ರಕ್ತದಲ್ಲಿ ಐಜಿಜಿ ಪಾಸಿಟಿವ್: ಜಠರದಲ್ಲಿ ಕ್ರಿಮಿ ಇನ್ನೂ ಇದೆಯೇ?

ಪ್ರಶ್ನೆ: ಡಾಕ್ಟರೇ, ನಾನು ಗದಗಿನವನು, ವಯಸ್ಸು 46. ಬಟ್ಟೆ ಅಂಗಡಿ ನಡೆಸುತ್ತೇನೆ. ಎಂಟು ತಿಂಗಳಿಂದ ಎದೆಗೂಡಿನ ಕೆಳಗೆ ಉರಿ, ಹುಳಿ ತೇಗು. ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಹೊಟ್ಟೆ ತುಂಬಿದಂತಾಗುತ್ತದೆ. ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಪೂರ್ಣ ತಪಾಸಣೆಯ ಪ್ಯಾಕೇಜ್ ಮಾಡಿಸಿದೆ. ಅದರಲ್ಲಿ ಎಚ್. ಪೈಲೋರಿ ಎಂಬ ಜಠರದ ಬ್ಯಾಕ್ಟೀರಿಯಾದ ಐಜಿಜಿ ಪರೀಕ್ಷೆ 62 ಬಂತು (20 ದಾಟಿದರೆ ಪಾಸಿಟಿವ್ ಎಂದು ಬರೆದಿದೆ). ಐಜಿಎ ಗಡಿರೇಖೆಯಲ್ಲಿದೆ, ಐಜಿಎಂ ನೆಗೆಟಿವ್. ಪರಿಚಯದವರೊಬ್ಬರ ಮಾತಿನ ಮೇಲೆ ಔಷಧ ಅಂಗಡಿಯಿಂದ 14 ದಿನಗಳ ಮಾತ್ರೆಗಳ ಕಿಟ್ ತಂದು ಪೂರ್ತಿ ನುಂಗಿದೆ. ಎರಡು ತಿಂಗಳ ನಂತರ ಮತ್ತೆ ರಕ್ತ ಕೊಟ್ಟೆ. ಐಜಿಜಿ 51, ಈಗಲೂ ಪಾಸಿಟಿವ್. ಇನ್ನೊಂದು ಕಿಟ್ ತೆಗೆದುಕೊಳ್ಳಬೇಕೇ? ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ದಿನಾ ಬೆಳಿಗ್ಗೆ ತೆಗೆದುಕೊಳ್ಳುತ್ತಿದ್ದೇನೆ. ಬೆನ್ನು ನೋವಿಗೆ ಆಗಾಗ ನೋವಿನ ಮಾತ್ರೆಯೂ ಇದೆ. ಹೆದರಿಕೆಯಿಂದ 11 ವರ್ಷದ ಮಗಳ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು, ಅವಳದೂ ಪಾಸಿಟಿವ್. ಅವಳಿಗೂ ಕಿಟ್ ಕೊಡಬೇಕೇ? ಮನೆಯಲ್ಲಿ ಕೆಂಪು ಚಟ್ನಿ ಪೂರ್ತಿ ನಿಲ್ಲಿಸಿದ್ದಾರೆ. ಅದರಿಂದಲೇ ಹುಣ್ಣಾಯಿತೇ?

ಉತ್ತರ: ಮೊದಲು ತುರ್ತಿನ ಎರಡು ಮಾತು. ಎರಡನೆಯ ಕಿಟ್ ಸದ್ಯಕ್ಕೆ ಬೇಡ. ಮಗಳಿಗಂತೂ ಕಿಟ್ ಕೊಡಲೇಬೇಡಿ. ಈ 51 ಎಂಬ ಅಂಕಿ ನಿಮ್ಮ ಚಿಕಿತ್ಸೆ ಸೋತಿತು ಎಂದು ಹೇಳುತ್ತಿಲ್ಲ, ಗೆದ್ದಿತು ಎಂದೂ ಹೇಳುತ್ತಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿಯೇ ಈ ಪರೀಕ್ಷೆಗಿಲ್ಲ.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲ ಕಡೆಯಿಂದಲೂ ಇಂಥ ವರದಿ ಹಿಡಿದುಕೊಂಡು ಜನ ಬರುತ್ತಾರೆ. ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಪಾಸಿಟಿವ್ ಎಂದಿರುತ್ತದೆ, ಮುಖದಲ್ಲಿ ಭಯವಿರುತ್ತದೆ. ಆ ಭಯ ನನಗೆ ಅರ್ಥವಾಗುತ್ತದೆ. ಹೊಟ್ಟೆಯ ಕ್ಯಾನ್ಸರಿಗೂ ಈ ಬ್ಯಾಕ್ಟೀರಿಯಾಕ್ಕೂ ಸಂಬಂಧವಿದೆ ಎಂದು ಮೊಬೈಲಿನಲ್ಲಿ ಓದಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಆದ್ದರಿಂದ ಈ ವರದಿ ಏನನ್ನು ಅಳೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಜಠರದ ಒಳಗೋಡೆಯ ಲೋಳೆಯ ಪದರದಲ್ಲಿ ಬದುಕುತ್ತದೆ. ಅಷ್ಟು ತೀಕ್ಷ್ಣ ಆಮ್ಲದ ನಡುವೆ ಅದು ಉಳಿಯುವುದು ಯೂರಿಯೇಸ್ ಎಂಬ ಕಿಣ್ವದ ಬಲದಿಂದ. ಈ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಅಮೋನಿಯಾ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಸೋಂಕು ಹೆಚ್ಚಾಗಿ ತಗಲುವುದು ಬಾಲ್ಯದಲ್ಲಿ, ಮನೆಯವರಿಂದಲೇ. ಒಮ್ಮೆ ಸೇರಿಕೊಂಡರೆ ಚಿಕಿತ್ಸೆಯಿಲ್ಲದೆ ತಾನಾಗಿ ಹೋಗುವುದು ಅಪರೂಪ. ನಮ್ಮ ಶರೀರ ಇದನ್ನು ಗುರುತಿಸಿ ಪ್ರತಿಕಾಯಗಳನ್ನು, ಅಂದರೆ ರೋಗಾಣುವನ್ನು ಎದುರಿಸುವ ಪ್ರೋಟೀನುಗಳನ್ನು ತಯಾರಿಸುತ್ತದೆ. ಆ ಪ್ರತಿಕಾಯಗಳು ಕ್ರಿಮಿಯನ್ನು ಹೊರಹಾಕಲಾರವು, ಆದರೆ ರಕ್ತದಲ್ಲಿ ಸುತ್ತುತ್ತಲೇ ಇರುತ್ತವೆ. ಐಜಿಜಿ, ಐಜಿಎ, ಐಜಿಎಂ ಎಂಬವು ಇವುಗಳದೇ ಮೂರು ಬಗೆಗಳು. ನಿಮ್ಮ ಲ್ಯಾಬ್ ಅಳೆದದ್ದು ಈ ಪ್ರತಿಕಾಯಗಳನ್ನು, ಕ್ರಿಮಿಯನ್ನಲ್ಲ.

ವ್ಯತ್ಯಾಸ ಇರುವುದು ಇಲ್ಲಿಯೇ. ಮತ ಹಾಕಿದ ಬೆರಳಿನ ಮೇಲಿನ ಶಾಯಿ ನೀವು ಮತಗಟ್ಟೆಗೆ ಹೋಗಿದ್ದಿರಿ ಎಂದು ಹೇಳುತ್ತದೆ, ಈಗಲೂ ಅಲ್ಲಿಯೇ ನಿಂತಿದ್ದೀರಿ ಎಂದಲ್ಲ. ಐಜಿಜಿ ಕೂಡ ಹಾಗೆಯೇ. ನಿಮ್ಮ ಶರೀರ ಯಾವಾಗಲೋ ಈ ಬ್ಯಾಕ್ಟೀರಿಯಾವನ್ನು ಎದುರಿಸಿದೆ ಎಂಬುದಷ್ಟೇ ಅದರ ಸಾಕ್ಷ್ಯ. ಚಿಕಿತ್ಸೆಯಿಂದ ಕ್ರಿಮಿ ಸಂಪೂರ್ಣ ನಾಶವಾದ ಮೇಲೂ ಐಜಿಜಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಪಾಸಿಟಿವ್ ಆಗಿಯೇ ಇರುತ್ತದೆ. ಆದ್ದರಿಂದ ಕಿಟ್ ಮುಗಿಸಿದ ಎರಡು ತಿಂಗಳಿಗೆ ಮಾಡಿಸಿದ ಐಜಿಜಿ ಪಾಸಿಟಿವ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಚಿಕಿತ್ಸೆಯ ಫಲವನ್ನು ತಿಳಿಯಲು ರಕ್ತದ ಪ್ರತಿಕಾಯ ಪರೀಕ್ಷೆಯನ್ನು ಮತ್ತೆ ಮಾಡಿಸಬಾರದು. ನಿಮ್ಮ ಎರಡನೆಯ ಪರೀಕ್ಷೆಯ ಹಣ ವ್ಯರ್ಥವಾಯಿತು ಎಂದು ಹೇಳಲು ನನಗೆ ಬೇಸರವೇ, ಆದರೂ ಮೂರನೆಯದಕ್ಕೆ ಹಣ ಕೊಡಬಾರದೆಂದು ಹೇಳುತ್ತಿದ್ದೇನೆ.

ಹಾಗಾದರೆ 62 ಹೋಗಿ 51 ಆದದ್ದು? ಅದಕ್ಕೂ ಅರ್ಥ ಕಟ್ಟಬೇಡಿ. ಒಂದೊಂದು ಕಂಪನಿಯ ರಕ್ತಪರೀಕ್ಷೆಯ ಕಿಟ್ಟಿಗೂ ಅದರದೇ ಏಕಮಾನ, ಅದರದೇ ಗಡಿ ಇರುತ್ತದೆ. ಒಂದು ಲ್ಯಾಬಿನ 62 ಇನ್ನೊಂದರಲ್ಲಿ ಬೇರೆಯೇ ಅಂಕಿಯಾಗಿ ಕಾಣಬಹುದು. ಅದೇ ಲ್ಯಾಬಿನಲ್ಲಿ ಬೇರೆ ದಿನ ಓಡಿಸಿದಾಗಲೂ ಅಷ್ಟಿಷ್ಟು ಏರುಪೇರು ಸಹಜ. ಕ್ರಿಮಿ ನಾಶವಾದ ಹಲವರಲ್ಲಿ ಆರು ತಿಂಗಳು, ವರ್ಷ ಕಳೆದಂತೆ ಐಜಿಜಿ ಅರ್ಧಕ್ಕಿಂತ ಕೆಳಗಿಳಿಯುವುದುಂಟು. ಆದರೆ ಅದನ್ನು ನಂಬಿಕೆಯಿಂದ ಹೇಳಬೇಕಾದರೆ ಹಳೆಯ ಮಾದರಿಯನ್ನು ಶೈತ್ಯದಲ್ಲಿ ಕಾಪಾಡಿ, ಹೊಸ ಮಾದರಿಯ ಜೊತೆಗೆ ಒಂದೇ ಪರೀಕ್ಷಾ ಕಿಟ್ಟಿನಲ್ಲಿ ಅಳೆಯಬೇಕು. ಯಾವ ಪ್ಯಾಕೇಜಿನಲ್ಲೂ ಹಾಗೆ ಮಾಡುವುದಿಲ್ಲ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ಅಂಕಿ ದೊಡ್ಡದಿದ್ದರೆ ಕ್ರಿಮಿ ಹೆಚ್ಚು, ಹುಣ್ಣು ದೊಡ್ಡದು ಎಂಬುದು. ಅದಕ್ಕೂ ಆಧಾರವಿಲ್ಲ.

ಐಜಿಎ ಗಡಿರೇಖೆಯಲ್ಲಿರುವುದನ್ನು ಮರೆತುಬಿಡಿ; ಅದರ ವಿಶ್ವಾಸಾರ್ಹತೆ ಐಜಿಜಿಗಿಂತಲೂ ಕಡಿಮೆ. ಐಜಿಎಂ ನೆಗೆಟಿವ್ ಎಂದರೆ ಸೋಂಕು ಹೊಸದಲ್ಲ ಎಂದು ಯಾರಾದರೂ ನಿಮಗೆ ವಿವರಿಸಿರಬಹುದು. ದಶಕಗಳ ಹಿಂದೆ ಬಾಲ್ಯದಲ್ಲಿ ತಗಲಿ ಉಳಿದುಕೊಳ್ಳುವ ಸೋಂಕಿನಲ್ಲಿ ಐಜಿಎಂನಿಂದ ತಿಳಿಯುವುದು ಏನೂ ಇಲ್ಲ. ಮೂರು ಸಾಲುಗಳಿದ್ದರೆ ವರದಿ ತೂಕದ್ದಾಗಿ ಕಾಣುತ್ತದೆ, ಅಷ್ಟೇ.

ಈಗ ಮೊದಲ ವರದಿಗೆ ಬರೋಣ, ಏಕೆಂದರೆ ಕಿಟ್ ನುಂಗುವ ನಿರ್ಧಾರ ಆಗಿದ್ದು ಅದರ ಮೇಲೆ. ಲೆಕ್ಕಕ್ಕಾಗಿ ಹೀಗೆಂದುಕೊಳ್ಳಿ: ಒಂದು ರಕ್ತಪರೀಕ್ಷೆ, ಸೋಂಕಿರುವ 100 ಜನರಲ್ಲಿ 85 ಜನರನ್ನು ಸರಿಯಾಗಿ ಹಿಡಿಯುತ್ತದೆ, ಸೋಂಕಿಲ್ಲದ 100 ಜನರಲ್ಲಿ 80 ಜನರಿಗೆ ಸರಿಯಾಗಿ ಇಲ್ಲ ಎನ್ನುತ್ತದೆ, ಉಳಿದ 20 ಜನರಿಗೆ ತಪ್ಪಾಗಿ ಪಾಸಿಟಿವ್ ಕೊಡುತ್ತದೆ. ಈ ಬಗೆಯ ಪರೀಕ್ಷೆಗಳ ಸಾಮರ್ಥ್ಯ ಹೆಚ್ಚುಕಡಿಮೆ ಈ ಆಸುಪಾಸಿನದು. ಸೋಂಕು ವಿರಳವಾಗಿರುವ, ಅಂದರೆ ನೂರಕ್ಕೆ 20 ಜನರಲ್ಲಿ ಮಾತ್ರ ಇರುವ ಸಮುದಾಯದಲ್ಲಿ ಇದನ್ನು ಬಳಸಿದರೆ, ನಿಜವಾದ ಪಾಸಿಟಿವ್ 17, ಸುಳ್ಳು ಪಾಸಿಟಿವ್ 16. ಪಾಸಿಟಿವ್ ಎಂದು ಬಂದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸೋಂಕಿಲ್ಲದವರು.

ನಮ್ಮ ಭಾಗದಲ್ಲಿ ಸೋಂಕು ವಿರಳವಲ್ಲ. ಭಾರತದ ವಯಸ್ಕರಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನರ ಜಠರದಲ್ಲಿ ಈ ಬ್ಯಾಕ್ಟೀರಿಯಾ ಇದೆ ಎಂದು ಅಧ್ಯಯನಗಳು ತೋರಿಸುತ್ತ ಬಂದಿವೆ. ಅರ್ಧದಷ್ಟು ಜನರಲ್ಲಿ ಇದೆ ಎಂದುಕೊಂಡು ಅದೇ ಲೆಕ್ಕ ಮಾಡಿದರೆ ನಿಜವಾದ ಪಾಸಿಟಿವ್ 42 ಅಥವಾ 43, ಸುಳ್ಳು ಪಾಸಿಟಿವ್ 10. ಪರವಾಗಿಲ್ಲ, ಪರೀಕ್ಷೆ ನಂಬುವಂತಿದೆಯಲ್ಲ ಎನಿಸಬಹುದು. ಆದರೆ ಆಗ ಬೇರೆಯೇ ತೊಡಕು ಎದುರಾಗುತ್ತದೆ. ಅಷ್ಟು ಜನರಲ್ಲಿ ಇರುವ ಕ್ರಿಮಿ ನಿಮ್ಮಲ್ಲೂ ಇದೆ ಎಂದ ಮಾತ್ರಕ್ಕೆ ನಿಮ್ಮ ಉರಿಗೆ ಅದೇ ಕಾರಣ ಎಂದು ಹೇಗೆ ಹೇಳುವುದು? ಗದಗಿನ ಬಸ್ ನಿಲ್ದಾಣದಲ್ಲಿ ಹೊಟ್ಟೆಯ ಯಾವ ತೊಂದರೆಯೂ ಇಲ್ಲದವರ ರಕ್ತ ತೆಗೆದರೂ ಬಹಳಷ್ಟು ಜನ ಪಾಸಿಟಿವ್ ಬರುತ್ತಾರೆ. ಸೋಂಕಿರುವ ನೂರು ಜನರಲ್ಲಿ ಜೀವಮಾನದಲ್ಲಿ ಹುಣ್ಣಾಗುವುದು ಹತ್ತರಿಂದ ಹದಿನೈದು ಜನರಿಗೆ. ಜಠರದ ಕ್ಯಾನ್ಸರ್ ಆಗುವುದು ಅದಕ್ಕಿಂತ ಬಹಳ ಕಡಿಮೆ ಜನರಿಗೆ. ಉಳಿದ ಬಹುತೇಕರು ಅದು ಇರುವುದೇ ಗೊತ್ತಿಲ್ಲದೆ ಬದುಕುತ್ತಾರೆ.

ಈ ಪರೀಕ್ಷೆಯನ್ನು ಹೀಗಳೆದು ಮುಗಿಸುವುದು ನ್ಯಾಯವಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು, 2005ರಲ್ಲಿ ಅವರಿಗೆ ನೊಬೆಲ್ ಬಂತು. ಆ ಶೋಧದ ಬೆನ್ನಿಗೆ ಜಗತ್ತಿನ ಯಾವ ಭಾಗದಲ್ಲಿ ಎಷ್ಟು ಜನರಿಗೆ ಸೋಂಕಿದೆ ಎಂದು ತಿಳಿಯಬೇಕಾದಾಗ ಎಲ್ಲರ ಗಂಟಲಿಗೂ ಎಂಡೋಸ್ಕೋಪ್ ಇಳಿಸಲು ಸಾಧ್ಯವಿರಲಿಲ್ಲ, ರಕ್ತಪರೀಕ್ಷೆಯೇ ದಾರಿಯಾಯಿತು. ಎಷ್ಟೋ ವರ್ಷ ಮೊದಲೇ ತೆಗೆದು ಶೈತ್ಯದಲ್ಲಿಟ್ಟಿದ್ದ ರಕ್ತವನ್ನು ಪರೀಕ್ಷಿಸಿ, ಮುಂದೆ ಜಠರದ ಕ್ಯಾನ್ಸರ್ ಆದವರಲ್ಲಿ ಈ ಪ್ರತಿಕಾಯಗಳು ಮೊದಲೇ ಹೆಚ್ಚಾಗಿ ಇದ್ದವು ಎಂದು ತೋರಿಸಿದ್ದೂ ಇದೇ ವಿಧಾನ. 1994ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಬ್ಯಾಕ್ಟೀರಿಯಾವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದಾಗ ಆ ಸಾಕ್ಷ್ಯವೂ ಮುಂದಿತ್ತು. ಹಿಂದೆ ನಡೆದದ್ದನ್ನು ನೆನಪಿಟ್ಟುಕೊಳ್ಳುವ ಗುಣ ಸಮೀಕ್ಷೆಗೆ ವರ, ಒಬ್ಬ ರೋಗಿಯ ಇಂದಿನ ಸ್ಥಿತಿ ತಿಳಿಯಲು ತೊಡಕು.

ಆಸ್ಪತ್ರೆಯಲ್ಲೂ ಇದಕ್ಕೆ ಒಂದೆರಡು ಜಾಗಗಳಿವೆ. ಹುಣ್ಣಿನಿಂದ ರಕ್ತಸ್ರಾವವಾಗಿ ದಾಖಲಾದವರಿಗೆ ಆಮ್ಲ ಕಡಿಮೆ ಮಾಡುವ ಔಷಧ ನಿಲ್ಲಿಸುವಂತಿಲ್ಲ. ಬೇರೆ ಪರೀಕ್ಷೆಗಳು ಆಗ ಸುಳ್ಳು ನೆಗೆಟಿವ್ ಕೊಡಬಹುದು. ಜಠರದ ಒಳಪೊರೆ ಬಹಳ ಸವೆದುಹೋದವರಲ್ಲಿ ಬ್ಯಾಕ್ಟೀರಿಯಾದ ಸಂಖ್ಯೆಯೇ ಕುಗ್ಗಿರುತ್ತದೆ. ಇಂಥವರಲ್ಲಿ, ಅದರಲ್ಲೂ ಹಿಂದೆ ಇದಕ್ಕೆ ಚಿಕಿತ್ಸೆ ಪಡೆಯದವರಲ್ಲಿ, ಪಾಸಿಟಿವ್ ಐಜಿಜಿ ವೈದ್ಯರಿಗೆ ನೆರವಾಗುತ್ತದೆ. ನೀವು ಈ ಎರಡೂ ಗುಂಪಿಗೆ ಸೇರಿದವರಲ್ಲ.

ನಿಮಗೆ ಬೇಕಾದದ್ದು ಈ ಹೊತ್ತಿನ ಸೋಂಕನ್ನು ತೋರಿಸುವ ಪರೀಕ್ಷೆ. ಅಂಥವು ಮುಖ್ಯವಾಗಿ ಎರಡು. ಒಂದು, ಮಲದಲ್ಲಿ ಆಂಟಿಜನ್ ಪರೀಕ್ಷೆ: ಬ್ಯಾಕ್ಟೀರಿಯಾದ ತುಣುಕುಗಳನ್ನೇ ಹುಡುಕುತ್ತದೆ. ಇನ್ನೊಂದು ಯೂರಿಯಾ ಉಸಿರಾಟ ಪರೀಕ್ಷೆ: ಗುರುತು ಹಾಕಿದ ಇಂಗಾಲವಿರುವ ಯೂರಿಯಾವನ್ನು ಕುಡಿಸುತ್ತಾರೆ ಅಥವಾ ನುಂಗಿಸುತ್ತಾರೆ, ಜಠರದಲ್ಲಿ ಕ್ರಿಮಿಯಿದ್ದರೆ ಅದರ ಯೂರಿಯೇಸ್ ಅದನ್ನು ಒಡೆದು, ಗುರುತಿನ ಇಂಗಾಲ ಸ್ವಲ್ಪ ಹೊತ್ತಿನಲ್ಲಿ ಉಸಿರಿನಲ್ಲಿ ಹೊರಬರುತ್ತದೆ. ಕಾರ್ಬನ್ 13 ಬಳಸುವ ವಿಧಾನದಲ್ಲಿ ವಿಕಿರಣವಿಲ್ಲ. ಕಾರ್ಬನ್ 14ರಲ್ಲಿ ಅತ್ಯಲ್ಪ ಪ್ರಮಾಣದ್ದಿದೆ, ಹಾಗಾಗಿ ಗರ್ಭಿಣಿಯರಿಗೆ, ಮಕ್ಕಳಿಗೆ ಅದನ್ನು ತಪ್ಪಿಸುತ್ತಾರೆ. ಚಿಕಿತ್ಸೆ ಫಲಿಸಿತೇ ಎಂದು ನೋಡಲು ಎರಡೂ ಒಳ್ಳೆಯವು. ಗದಗಿನಲ್ಲಿದ್ದುಕೊಂಡು ಮಾಡಿಸಲು ಮಲಪರೀಕ್ಷೆ ಸುಲಭ. ಕೊಡುವಾಗ ಮಲ ನೀರಾಗಿರಬಾರದು, ಮಾದರಿಯನ್ನು ತಡಮಾಡದೆ ಲ್ಯಾಬಿಗೆ ತಲುಪಿಸಬೇಕು. ಕೌಂಟರಿನಲ್ಲಿ ‘ಎಚ್. ಪೈಲೋರಿ’ ಎಂದಷ್ಟೇ ಹೇಳಿದರೆ ಮತ್ತೆ ರಕ್ತವನ್ನೇ ತೆಗೆದಾರು. ‘ಮಲದಲ್ಲಿ ಎಚ್. ಪೈಲೋರಿ ಆಂಟಿಜನ್’ ಎಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ.

ಪರೀಕ್ಷೆಗೆ ಮುಂಚಿನ ತಯಾರಿಯಲ್ಲಿ ಬಹಳ ಜನ ಎಡವುತ್ತಾರೆ. ಆಂಟಿಬಯಾಟಿಕ್ ಅಥವಾ ಬಿಸ್ಮತ್ ಇರುವ ಔಷಧ ನಿಲ್ಲಿಸಿ ಕನಿಷ್ಠ ನಾಲ್ಕು ವಾರ ಕಳೆದಿರಬೇಕು. ನಿಮ್ಮದು ಎರಡು ತಿಂಗಳು ದಾಟಿದೆ, ಸರಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರೇಬೆಪ್ರಜೋಲ್ ಗುಂಪಿನ ಮಾತ್ರೆಗಳನ್ನು ಎರಡು ವಾರ ಮೊದಲೇ ನಿಲ್ಲಿಸಬೇಕು. ಇವು ಕ್ರಿಮಿಯನ್ನು ಪೂರ್ತಿ ಕೊಲ್ಲದೆ ತಾತ್ಕಾಲಿಕವಾಗಿ ಅದರ ಸಂಖ್ಯೆಯನ್ನು ತಗ್ಗಿಸುತ್ತವೆ, ಆಗ ಇರುವ ಸೋಂಕೂ ಇಲ್ಲವೆಂದು ತೋರುತ್ತದೆ. ನೀವು ಇಂದು ಬೆಳಿಗ್ಗೆ ಮಾತ್ರೆ ನುಂಗಿ ನಾಳೆ ಮಲ ಪರೀಕ್ಷಿಸಿ ನೆಗೆಟಿವ್ ಬಂದರೆ ಆ ನೆಗೆಟಿವ್ ನಂಬುವಂತಿಲ್ಲ. ಮಾತ್ರೆ ನಿಲ್ಲಿಸಿದ ಮೊದಲ ಹತ್ತು ಹದಿನೈದು ದಿನ ಆಮ್ಲ ಪುಟಿದೆದ್ದು ಉರಿ ಹೆಚ್ಚಾಗಬಹುದು. ಅದನ್ನು ಕಂಡು ಕ್ರಿಮಿ ಮರಳಿತು ಎಂದು ಹೆದರಬೇಡಿ. ತಿಂಗಳುಗಟ್ಟಲೆ ಅದುಮಿಟ್ಟ ಆಮ್ಲ ಹಾಗೆ ವರ್ತಿಸುತ್ತದೆ. ಆ ದಿನಗಳಲ್ಲಿ ತಕ್ಷಣದ ಶಮನಕ್ಕೆ ಸಾಮಾನ್ಯ ಆಂಟಾಸಿಡ್ ದ್ರವ ಸಾಕು. ಆದರೆ ಮಾತ್ರೆ ನಿಲ್ಲಿಸುವ ಮೊದಲು ನಿಮ್ಮ ವೈದ್ಯರನ್ನು ಒಮ್ಮೆ ಕೇಳಿ. ಹಿಂದೆ ಹುಣ್ಣಿನಿಂದ ರಕ್ತ ಹೋಗಿದ್ದವರು, ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸಬಾರದು.

ಫಲಿತಾಂಶ ನೆಗೆಟಿವ್ ಬಂದರೆ ಕ್ರಿಮಿಯ ಅಧ್ಯಾಯ ಅಲ್ಲಿಗೆ ಮುಗಿಯಿತು. ರಕ್ತದ ಐಜಿಜಿ ಇನ್ನೂ ಐದು ವರ್ಷ ಪಾಸಿಟಿವ್ ಇದ್ದರೂ ಇರಲಿ. ಪಾಸಿಟಿವ್ ಬಂದರೆ ಚಿಕಿತ್ಸೆ ಬೇಕು, ಆದರೆ ಅದೇ ಕಿಟ್ ಅಲ್ಲ. ಅಂಗಡಿಯಲ್ಲಿ ಸಿಗುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಕ್ಲಾರಿತ್ರೊಮೈಸಿನ್, ಅಮೋಕ್ಸಿಸಿಲಿನ್ ಎಂಬ ಎರಡು ಆಂಟಿಬಯಾಟಿಕ್‌ಗಳು ಮತ್ತು ಆಮ್ಲ ತಗ್ಗಿಸುವ ಒಂದು ಮಾತ್ರೆ ಇರುತ್ತವೆ. ಒಮ್ಮೆ ಕ್ಲಾರಿತ್ರೊಮೈಸಿನ್ ಸೋತ ಮೇಲೆ ಅದನ್ನೇ ಮತ್ತೆ ಕೊಡುವುದರಲ್ಲಿ ಅರ್ಥವಿಲ್ಲ, ಬದುಕುಳಿದ ಕ್ರಿಮಿ ಅದಕ್ಕೆ ಜಗ್ಗುವುದಿಲ್ಲ. ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್ ಎಂಬ ಇನ್ನೊಂದು ಆಂಟಿಬಯಾಟಿಕ್‌ಗೂ ಈ ಕ್ರಿಮಿಯ ಪ್ರತಿರೋಧ ವ್ಯಾಪಕವಾಗಿದೆ. ಭೇದಿಗೆ, ಹಲ್ಲುನೋವಿಗೆ ಎಂದು ವರ್ಷಗಳಿಂದ ಅಳತೆಯಿಲ್ಲದೆ ನುಂಗಿದ ಫಲ ಅದು. ಈ ಸಂದರ್ಭದಲ್ಲಿ ಬಿಸ್ಮತ್ ಸೇರಿದ ನಾಲ್ಕು ಔಷಧಗಳ 14 ದಿನಗಳ ಕ್ರಮವನ್ನು ವೈದ್ಯರು ಹೆಚ್ಚಾಗಿ ಆರಿಸುತ್ತಾರೆ. ಹಳೆಯ ಕಿಟ್ಟಿನ ಖಾಲಿ ಮಾತ್ರೆಪಟ್ಟಿಯನ್ನು (ಸ್ಟ್ರಿಪ್) ಎಸೆದಿರದಿದ್ದರೆ ಅದನ್ನು ವೈದ್ಯರಿಗೆ ತೋರಿಸಿ. ಮುಂದಿನ ಔಷಧ ಆರಿಸಲು ನಿಮ್ಮ ಐಜಿಜಿ ವರದಿಗಿಂತ ಆ ಪಟ್ಟಿಯೇ ಹೆಚ್ಚು ಉಪಯುಕ್ತ. ಬಿಸ್ಮತ್ ತೆಗೆದುಕೊಳ್ಳುವಾಗ ಮಲ ಕಪ್ಪಾಗುತ್ತದೆ, ಅದು ಔಷಧದ ಬಣ್ಣ.

ಇನ್ನು ನೀವು ನಡುವೆ ಒಂದು ಸಾಲಿನಲ್ಲಿ ಹೇಳಿ ದಾಟಿದ ಬೆನ್ನು ನೋವಿನ ಮಾತ್ರೆ. ನನಗೆ ನಿಮ್ಮ ಐಜಿಜಿಗಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ಅದು. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೆನ್ ಗುಂಪಿನ ನೋವುನಿವಾರಕಗಳು ಜಠರದ ಒಳಪೊರೆಯ ರಕ್ಷಣೆಯನ್ನೇ ಕುಗ್ಗಿಸುತ್ತವೆ. ಈ ಬ್ಯಾಕ್ಟೀರಿಯಾ ಒಂದು ಅಂಶವೂ ಇಲ್ಲದೆ ಕೇವಲ ಇವುಗಳಿಂದ ಹುಣ್ಣಾಗಬಹುದು. ಎರಡೂ ಕೂಡಿದರೆ ಅಪಾಯ ಇನ್ನೂ ಹೆಚ್ಚು. ಯಾವ ಮಾತ್ರೆ, ವಾರಕ್ಕೆ ಎಷ್ಟು ಎಂದು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ನೋವು ತಡೆಯದ ದಿನ ಪ್ಯಾರಾಸಿಟಮಾಲ್ ಜಠರಕ್ಕೆ ಎಷ್ಟೋ ಸೌಮ್ಯ. ದಿನವಿಡೀ ಅಂಗಡಿಯ ಗಾದಿಯ ಮೇಲೆ ಕುಳಿತು ಬರುವ ಬೆನ್ನು ನೋವಿಗೆ ವ್ಯಾಯಾಮವೇ ಮದ್ದು.

ಎಂಡೋಸ್ಕೋಪಿ ಬೇಕೇ ಎಂದು ನೀವು ಕೇಳಿಲ್ಲ, ಕೇಳಬೇಕಿತ್ತು. 46ನೆಯ ವಯಸ್ಸು, ಎಂಟು ತಿಂಗಳ ಉರಿ, ಬೇಗನೆ ಹೊಟ್ಟೆ ತುಂಬುವುದು, ನೋವಿನ ಮಾತ್ರೆ: ಇಷ್ಟು ಕೂಡಿದ್ದಾಗ ಒಮ್ಮೆ ಒಳಗೆ ನೋಡಿಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಹಿಮೋಗ್ಲೋಬಿನ್ ಕಡಿಮೆಯಿದ್ದರೆ, ಮತ್ತೆ ಮತ್ತೆ ವಾಂತಿಯಾಗುತ್ತಿದ್ದರೆ, ತಂದೆ ತಾಯಿ ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದರೆ ಅದು ಅಭಿಪ್ರಾಯದ ಮಾತಲ್ಲ, ಆಗಲೇಬೇಕು. ಎಂಡೋಸ್ಕೋಪಿ ಮಾಡುವಾಗಲೇ ಒಳಪೊರೆಯ ಚಿಕ್ಕ ಚೂರು ತೆಗೆದು ಯೂರಿಯಾ ಇರುವ ಹಳದಿ ಜೆಲ್ಲಿಗೆ ಹಾಕುತ್ತಾರೆ. ಕ್ರಿಮಿಯಿದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ಮಲಪರೀಕ್ಷೆಯ ಅಗತ್ಯವೂ ಉಳಿಯದಿರಬಹುದು. ಎರಡು ವಾರದ ಮಾತ್ರೆ ನಿಲುಗಡೆ ಇದಕ್ಕೂ ಅನ್ವಯಿಸುತ್ತದೆ.

ಮಗಳ ವಿಷಯ. ಮಕ್ಕಳಲ್ಲಿ ಈ ಸೋಂಕನ್ನು ನಿರ್ಧರಿಸಲು ರಕ್ತದ ಪ್ರತಿಕಾಯ ಪರೀಕ್ಷೆ ಬಳಸಲೇಬಾರದು ಎಂದು ಮಕ್ಕಳ ಜಠರ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ. ಅವಳು ಚೆನ್ನಾಗಿ ಊಟ ಮಾಡುತ್ತ, ಆಡುತ್ತ, ಬೆಳೆಯುತ್ತ ಇದ್ದರೆ ಆ ವರದಿಯನ್ನು ಕಡತದಲ್ಲಿಟ್ಟು ಸುಮ್ಮನಿರಿ. ತೊಂದರೆಯಿಲ್ಲದ ಮಗುವಿಗೆ ಎರಡು ಆಂಟಿಬಯಾಟಿಕ್‌ಗಳನ್ನು ಎರಡು ವಾರ ನುಂಗಿಸುವುದು ಅನ್ಯಾಯ. ನಾಳೆ ನಿಜವಾಗಿ ಬೇಕಾದಾಗ ಅವು ಕೆಲಸ ಮಾಡದಂತಾಗುತ್ತದೆ. ಅವಳಿಗೆ ರಾತ್ರಿ ಎಬ್ಬಿಸುವ ಹೊಟ್ಟೆನೋವು, ಕಾರಣ ಸಿಗದ ರಕ್ತಹೀನತೆ ಇದ್ದರೆ ಮಕ್ಕಳ ತಜ್ಞರಿಗೆ ತೋರಿಸಿ, ಮುಂದಿನದನ್ನು ಅವರು ನಿರ್ಧರಿಸುತ್ತಾರೆ. ಮನೆಯ ವಯಸ್ಕರನ್ನೂ ಪರೀಕ್ಷಿಸುವ ಸಲಹೆ ಇತ್ತೀಚಿನ ಕೆಲವು ಮಾರ್ಗಸೂಚಿಗಳಲ್ಲಿದೆ. ನಿಮ್ಮಲ್ಲಿ ಕ್ರಿಮಿ ಇನ್ನೂ ಇದೆ ಎಂದು ಖಚಿತವಾದರೆ ಮಡದಿಯ ಬಗ್ಗೆ ಆಗ ವೈದ್ಯರೊಡನೆ ಮಾತನಾಡಿ, ಪರೀಕ್ಷೆ ಮಾಡಿಸಿದರೂ ಮಲದ್ದನ್ನೇ ಮಾಡಿಸಿ. ಸದ್ಯಕ್ಕೆ ಮನೆಯಲ್ಲಿ ಕೈ ತೊಳೆಯುವುದು, ನಲ್ಲಿ ನೀರು ಬರದ ದಿನಗಳಿಗೆಂದು ತುಂಬಿಟ್ಟ ಕುಡಿಯುವ ನೀರನ್ನು ಮುಚ್ಚಿಟ್ಟು ಕಾಯಿಸಿ ಕುಡಿಯುವುದು ಸಾಕು.

ಕೆಂಪು ಚಟ್ನಿಯಿಂದ ಹುಣ್ಣಾಗಿಲ್ಲ. ಖಾರ ಹುಣ್ಣನ್ನು ಹುಟ್ಟಿಸುವುದಿಲ್ಲ; ಹುಟ್ಟಿಸುವುದು ಮುಖ್ಯವಾಗಿ ಈ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು, ಧೂಮಪಾನ ಅದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಹಾಗೆ ನೋಡಿದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಉರಿ ಇರುವಾಗ ಖಾರ ತಿಂದರೆ ಉರಿ ಹೆಚ್ಚೆನಿಸಬಹುದು, ಆಗ ಕೆಲವು ದಿನ ಕಡಿಮೆ ಮಾಡಿ, ರೊಟ್ಟಿಯ ಜೊತೆ ಮೊಸರು, ಶೇಂಗಾ ಚಟ್ನಿ ಇರಲಿ. ಉರಿ ಇಲ್ಲದ ದಿನ ಕೆಂಪು ಚಟ್ನಿ ತಿನ್ನಬಾರದೆಂಬ ನಿಯಮವಿಲ್ಲ. ರಾತ್ರಿ ಅಂಗಡಿ ಮುಚ್ಚಿ ಹತ್ತೂವರೆಗೆ ಉಂಡು ಕೂಡಲೇ ಮಲಗುವ ರೂಢಿಯಿದ್ದರೆ ಅದನ್ನು ಬಿಡಿ. ಹುಳಿ ತೇಗಿಗೆ ಚಟ್ನಿಗಿಂತ ಅದರ ಪಾಲು ದೊಡ್ಡದಿರಬಹುದು.

ಪ್ಯಾಂಟೊಪ್ರಜೋಲ್ ನಿಲ್ಲಿಸಿದ ಎರಡು ವಾರಗಳಲ್ಲಿ ಅಥವಾ ಯಾವಾಗಲೇ ಆಗಲಿ, ಬಿಸ್ಮತ್ ಅಥವಾ ಕಬ್ಬಿಣದ ಮಾತ್ರೆ ತೆಗೆದುಕೊಳ್ಳದೆಯೂ ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಕಂಡರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಪರೀಕ್ಷೆಯನ್ನು ಬದಿಗಿಟ್ಟು ಅದೇ ಹೊತ್ತಿನಲ್ಲಿ ಜಿಲ್ಲಾ ಆಸ್ಪತ್ರೆಯ ಅಥವಾ ಹತ್ತಿರದ ಯಾವುದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಮನೆಯವರನ್ನು ಕರೆದುಕೊಳ್ಳಿ, ಇಲ್ಲವೇ 108ಕ್ಕೆ ಕರೆ ಮಾಡಿ.